ಗಣರಾಜ್ಯ ಸತ್ತದ್ದು ಯಾವತ್ತು?

ರೋಮ್‌ನ ಗಣರಾಜ್ಯ ಯಾವತ್ತು ಸತ್ತಿತು ಅಂತ ಯೋಚಿಸಿದಾಗ ನನ್ನನ್ನು ಕಾಡುವುದು ಸೀಸರ್‌ನ ಕೊಲೆಯಲ್ಲ. ಕ್ರಿ.ಪೂ. 44ರಲ್ಲಿ ಅವನನ್ನು ಇರಿದವರು ಗಣರಾಜ್ಯವನ್ನು ಉಳಿಸಿದೆವು ಅಂದುಕೊಂಡರು, ಅದು ಉಳಿಯಲಿಲ್ಲ. ಕಾಡುವುದು ಕ್ರಿ.ಪೂ. 27ರ ಜನವರಿ. ಅಂತರ್ಯುದ್ಧಗಳನ್ನೆಲ್ಲ ಗೆದ್ದಿದ್ದ ಆಕ್ಟೇವಿಯನ್ ಸೆನೆಟ್ ಮುಂದೆ ನಿಂತು, ಅಧಿಕಾರವನ್ನೆಲ್ಲ ಮರಳಿ ಒಪ್ಪಿಸುತ್ತಿದ್ದೇನೆ ಎಂದ. ಸೆನೆಟ್ ಅವನಿಗೆ ಅಗಸ್ಟಸ್ ಎಂಬ ಬಿರುದು ಕೊಟ್ಟಿತು. ಜೊತೆಗೆ ಸ್ಪೇನ್, ಗಾಲ್, ಸಿರಿಯಾದಂಥ ಪ್ರಾಂತಗಳನ್ನೂ ಹತ್ತು ವರ್ಷಕ್ಕೆ ವಹಿಸಿತು. ಸೇನೆಯ ಬಹುಪಾಲು ಇದ್ದದ್ದೇ ಅಲ್ಲಿ! ಕಾನ್ಸಲ್‌ಗಳ ಚುನಾವಣೆ ನಡೆಯುತ್ತಲೇ ಇತ್ತು, ಸೆನೆಟ್ ಸೇರುತ್ತಲೇ ಇತ್ತು. ಮನೆಯ ಬಾಗಿಲು, ಕಂಬ ಎಲ್ಲ ಹಾಗೇ ಇದ್ದವು, ಬೀಗದ ಕೈ ಮಾತ್ರ ಒಬ್ಬನ ಸೊಂಟ ಸೇರಿತ್ತು.

ಜನ ಯಾಕೆ ಸುಮ್ಮನಿದ್ದರು? ಅವರನ್ನು ಹೇಡಿಗಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಪರಸ್ಪರ ಕಾದಾಡಿದ ಸೇನಾನಿಗಳಾದ ಮಾರಿಯಸ್, ಸುಲ್ಲಾರ ಕಾಲದಿಂದ ಅವರು ನೋಡಿದ್ದು ರಕ್ತ. ಕೊಲ್ಲಬೇಕಾದವರ ಹೆಸರಿನ ಪಟ್ಟಿಯನ್ನು ಊರ ನಡುವೆ ತೂಗುಹಾಕುತ್ತಿದ್ದ ಕಾಲ ಅದು. ಸಿಸೆರೋನಂಥ ವಾಗ್ಮಿಯ ತಲೆ, ಕೈಯನ್ನು ಕಡಿದು, ಅವನು ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೇ ಪ್ರದರ್ಶನಕ್ಕಿಟ್ಟಿದ್ದರು. ಅದೆಲ್ಲ ಆದ ಮೇಲೆ ಬಂದ ಶಾಂತಿ ಯಾರಿಗೆ ಬೇಡ?

ಅಗಸ್ಟಸ್ ಕ್ರಿ.ಶ. 14ರವರೆಗೆ ಬದುಕಿದ. ಆ ಹೊತ್ತಿಗೆ ಗಣರಾಜ್ಯವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಉಳಿದಿದ್ದರು ಎಂದು ಇತಿಹಾಸಕಾರ ಟ್ಯಾಸಿಟಸ್ ಕೇಳುತ್ತಾನೆ. ಅದೇ ವರ್ಷ ಅಗಸ್ಟಸ್‌ನ ಉತ್ತರಾಧಿಕಾರಿ ಟೈಬೀರಿಯಸ್ ಅಧಿಕಾರಿಗಳ ಚುನಾವಣೆಯನ್ನು ಜನರ ಸಭೆಯಿಂದ ಸೆನೆಟ್‌ಗೆ ವರ್ಗಾಯಿಸಿದ. ಜನ ಒಂದಿಷ್ಟು ಗೊಣಗಿದರು, ಅಷ್ಟೇ.