ನಿದ್ರಾದೇವಿಯ ಉಪಚಾರ

ಕರೆದರೆ ಬಾರದ ನೆಂಟರು ಲೋಕದಲ್ಲಿ ಇಬ್ಬರೇ: ಒಬ್ಬನು ಮಳೆರಾಯ, ಇನ್ನೊಬ್ಬಳು ನಿದ್ರಾದೇವಿ. ಮಳೆ ಬಾರದಿದ್ದರೆ ಊರಿಗೆ ಊರೇ ಸೇರಿ ಮೊರೆಯಿಡುತ್ತದೆ. ನಿದ್ರೆ ಬಾರದವನಿಗೆ ಆ ಭಾಗ್ಯವಿಲ್ಲ; ಮನೆಮಂದಿಯೆಲ್ಲ ಗೊರಕೆ ಹೊಡೆಯುತ್ತಿರುವಾಗ ಅವನೊಬ್ಬನೇ ಕತ್ತಲೆಯೊಡನೆ ಮಾತಿಗೆ ಕೂರಬೇಕು.

ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ಕಾಲ ಬಂತೆಂದರೆ ನನಗೆ ಈ ಯೋಗ ತಪ್ಪದು. ಹಾಗಾಗಿರುವುದು ಒಬ್ಬರ ಕಿವಿಗೆ ಬಿದ್ದರೆ ಸಾಕು, ನೂರು ವೈದ್ಯರು ಹುಟ್ಟಿಕೊಳ್ಳುತ್ತಾರೆ. ಅವ್ವನ ಮತ ಗಸಗಸೆ ಪಾಯಸ. ಅತ್ತಿಗೆಯದು ಜಾಯಿಕಾಯಿ ತೇಯ್ದ ಬಿಸಿಹಾಲು. ಪಕ್ಕದ ಮನೆಯ ಅಜ್ಜಿಯದು ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ. ನನ್ನ ಸಹೋದ್ಯೋಗಿಯೊಬ್ಬರ ಚಿಕಿತ್ಸೆ ಇನ್ನೂ ಸುಲಭದ್ದು: “ನಿಮ್ಮ ಪಾಠವನ್ನೇ ಧ್ವನಿಮುದ್ರಿಸಿಕೊಂಡು ರಾತ್ರಿ ಕೇಳಿ ಸ್ವಾಮಿ. ನಮ್ಮ ಹುಡುಗರಿಗೆ ಅದು ಹಗಲಿನಲ್ಲೇ ಫಲ ಕೊಟ್ಟಿದೆ!”

ಮನೆಮದ್ದುಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಆಹಾರದಷ್ಟೇ ನಿದ್ರೆಯೂ ಶರೀರದ ಆಧಾರಗಳಲ್ಲಿ ಒಂದೆಂದು ಬಗೆದ ಚರಕಸಂಹಿತೆ, ನಿದ್ರೆ ತರಿಸುವ ವಸ್ತುಗಳಲ್ಲಿ ಎಮ್ಮೆಯ ಹಾಲಿಗೆ ಅಗ್ರಸ್ಥಾನ ಕೊಟ್ಟಿದೆ. ಗಸಗಸೆಯು ಅಫೀಮಿನ ಗಿಡದ ಬೀಜವೇ ಆದರೂ ಬೀಜದಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆ. ಜಾಯಿಕಾಯಿಯದು ಮಾತ್ರ ಚಿಟಿಕೆಯ ಮರ್ಯಾದೆ; ಚಮಚಗಟ್ಟಲೆ ತಿಂದರೆ ತಲೆಸುತ್ತು, ಎದೆಬಡಿತ, ವಿಷದ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ. ನನಗನ್ನಿಸುವಂತೆ ಈ ಉಪಚಾರಗಳ ಗುಣ ಅರ್ಧ ವಸ್ತುವಿನಲ್ಲಿದ್ದರೆ ಇನ್ನರ್ಧ ಅವುಗಳ ಸಾವಧಾನದಲ್ಲಿದೆ. ಹಾಲು ಕಾಯಬೇಕು, ಆರಬೇಕು. ಎಣ್ಣೆ ತಿಕ್ಕುವ ಕೈ ಅವಸರಪಡಬಾರದು. ಅಷ್ಟು ಹೊತ್ತು ಉತ್ತರಪತ್ರಿಕೆಯೂ ಇಲ್ಲ, ಮೊಬೈಲೂ ಇಲ್ಲ.

“ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ” ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ದೋಣಿಮಲೈಗೆ ಬಂದು ಅಣ್ಣನ ಮನೆಯಲ್ಲಿ ನೆಲೆಸಿದ ಮೇಲೆ, ಈ ಗಾದೆ ಅರ್ಧಸತ್ಯವೆಂದು ನನಗೆ ತೋರಿದೆ. ಸಂಡೂರಿನ ಬೆಟ್ಟಸಾಲಿನ ಈ ಊರಿನಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕಬ್ಬಿಣದ ಅದಿರಿನ ಗಣಿ 1977ರಲ್ಲಿ ಆರಂಭವಾಯಿತು. ಅಣ್ಣ ಅಲ್ಲಿ ಡಂಪರ್ ಓಡಿಸುತ್ತಾನೆ. ಗುತ್ತಿಗೆಯ ವಿವಾದದಿಂದ 2018ರ ನವೆಂಬರಿನಲ್ಲಿ ಗಣಿ ನಿಂತಾಗ ಅವನಿಗೆ ರಾತ್ರಿಪಾಳಿ ಇರಲಿಲ್ಲ, ಇಡೀ ರಾತ್ರಿ ಹಾಸಿಗೆ ಅವನದೇ. ಆದರೂ ‘ಮುಂದೇನು’ ಎಂಬ ಚಿಂತೆ ಕಣ್ಣು ಮುಚ್ಚಲು ಬಿಡಲಿಲ್ಲ. ಅಷ್ಟರಮಟ್ಟಿಗೆ ಗಾದೆ ಗೆದ್ದಿತು. 2021ರ ಫೆಬ್ರವರಿಯಲ್ಲಿ ಕೆಲಸ ಮತ್ತೆ ಪ್ರಾರಂಭವಾಯಿತು. ಚಿಂತೆ ಹೋಯಿತು, ಪಾಳಿ ಬಂತು. ರಾತ್ರಿಯೆಲ್ಲ ದುಡಿದು ಬಂದು ಮಲಗಿದರೆ, ಯಾವ ಚಿಂತೆಯೂ ಇಲ್ಲದೆ, ನಿದ್ರೆಯೂ ಇಲ್ಲ!

ಇದರ ಮರ್ಮವನ್ನು ವಿಜ್ಞಾನ ಬಿಡಿಸಿ ಹೇಳಿದೆ. ದೇಹದೊಳಗೊಂದು ಗಡಿಯಾರವಿದೆ; ಅದರ ಯಂತ್ರವನ್ನು ಕಂಡುಹಿಡಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದೊಡನೆ ಆ ಗಡಿಯಾರ ‘ಏಳು’ ಎನ್ನುತ್ತದೆ. ದಣಿದ ಮೈ ‘ಮಲಗು’ ಎನ್ನುತ್ತದೆ. ಇಬ್ಬರ ಜಗಳದಲ್ಲಿ ಕೂಸು ಬಡವಾಗುತ್ತದೆ. ಇದು ಬರಿಯ ಆಕಳಿಕೆಯ ಮಾತೂ ಅಲ್ಲ. ಹತ್ತಾರು ಟನ್ ಅದಿರು ಹೊತ್ತು ಗಣಿಯ ಅಂಚಿನಲ್ಲಿ ಸಾಗುವವನಿಗೆ ಒಂದು ಗಳಿಗೆ ರೆಪ್ಪೆ ಕೂಡಿದರೆ ಆಗಬಹುದಾದ ಅನಾಹುತವನ್ನು ನೆನೆದು, ಆ ರಾತ್ರಿಗಳಲ್ಲಿ ಅವ್ವ ತಾನೂ ಮಲಗುತ್ತಿರಲಿಲ್ಲ.

ಕಡೆಗೆ ಮದ್ದು ಕಂಡುಹಿಡಿದವಳೂ ಅವಳೇ. ಅಣ್ಣ ಮಲಗುವ ಕೋಣೆಯ ಕಿಟಕಿಗೆ ಕರಿಯ ಕಂಬಳಿಯೊಂದನ್ನು ಕಟ್ಟಿದಳು. ಕುಕ್ಕರಿನ ಸೀಟಿ ಅವನು ಬರುವ ಮೊದಲೇ ಮುಗಿಯಬೇಕೆಂದು ಕಟ್ಟಳೆಯಾಯಿತು. ತರಕಾರಿಯವನನ್ನು ಬಾಗಿಲಲ್ಲಿ ನಿಲ್ಲಿಸಿ, “ನಮ್ಮ ಹಿರಿಮಗ ರಾತ್ರಿಪಾಳಿ ಮಾಡಿ ಮಲಗ್ಯಾನಪ್ಪ, ಮುಂದಿನ ಮನಿಗೆ ಹೋಗಿ ಕೂಗು” ಎಂದಳು. ಅವನು, “ಆಗಲಿ ಬಿಡವ್ವ, ನಮ್ಮ ಅಳಿಯಾನೂ ಪಾಳಿಯವನೇ” ಎಂದು ಅಂದಿನಿಂದ ನಮ್ಮ ಮನೆಯೆದುರು ಮೌನವ್ರತಿಯಾದ. ಮೊದಲು ಮೂರು ಗಂಟೆ ಹೊರಳಾಡುತ್ತಿದ್ದ ಅಣ್ಣ ಈಗ ಐದಾರು ಗಂಟೆ ಮಲಗುತ್ತಾನೆ.

ರಾತ್ರಿ ಮಲಗುವ ನಮ್ಮಂಥವರಿಗೂ ಒಂದು ಸೂತ್ರವುಂಟು. 1972ರಲ್ಲಿ ಬೂಟ್‌ಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳಿದ್ದು: ನಿದ್ರೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಬೇಡಿ, ಎದ್ದು ಬೇರೆಡೆ ಕುಳಿತು, ತೂಕಡಿಕೆ ಬಂದಾಗಲೇ ಮರಳಿ, ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ನಿಯತ ಸಮಯಕ್ಕೇ ಏಳಿ. ಹಾಸಿಗೆ ಜಗಳದ ಕಣವಾಗಬಾರದು ಎಂಬುದೇ ಇದರ ಸಾರ. ನಾನಿದನ್ನು ಪಾಲಿಸಿ ಸುಖ ಕಂಡಿದ್ದೇನೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಈ ಕಾಟ ಮುಂದುವರಿದರೆ, ಅಥವಾ ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಪಾಯಸವನ್ನು ಪಕ್ಕಕ್ಕಿಟ್ಟು ವೈದ್ಯರಲ್ಲಿಗೆ ಹೋಗುವುದೇ ವಿವೇಕ. ಅಂಗಡಿಯ ಗುಳಿಗೆಯನ್ನು ತಾನಾಗಿ ನುಂಗುವುದು ಅಲ್ಲ.

ನಾವು ನಿಶ್ಚಿಂತೆಯಿಂದ ಮಲಗುವ ರಾತ್ರಿಯಲ್ಲಿ ಗಣಿಯವನು, ದಾದಿ, ಬಸ್ಸಿನ ಚಾಲಕ, ಕಾವಲುಗಾರ ಎಚ್ಚರವಾಗಿರುತ್ತಾರೆ. ಅವರ ಹಗಲಿನ ನಿದ್ರೆಗೆ ನಾವು ತೆರಬೇಕಾದ ಕಂದಾಯ ತುಸು ಮೌನ, ಅಷ್ಟೇ. ಮನೆಮದ್ದುಗಳಲ್ಲೆಲ್ಲ ದೊಡ್ಡ ಮದ್ದು ಮನೆಯೇ ಎಂದು ಅವ್ವನ ಕಂಬಳಿ ನನಗೆ ಕಲಿಸಿದೆ.