ಹಾಡಿನ ಗುಂಪಿಗೆ ಬೇಲಿ ಎಷ್ಟೆತ್ತರ ಇರಬೇಕು?

ತುಮಕೂರಿನ ಸದಾಶಿವನಗರದಲ್ಲಿ ಪ್ರತಿ ಭಾನುವಾರ ಸಂಜೆ ನಾವು ಹತ್ತು ಹನ್ನೆರಡು ಜನ ಸೇರಿ ಹಾಡುತ್ತೇವೆ. ಗುಬ್ಬಿ, ಕುಣಿಗಲ್ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರೇ ಹೆಚ್ಚು. ಶುರುವಾಗಿದ್ದು ಹಳೆಯ ರಂಗಗೀತೆ ಕಲಿಯೋಣ ಅಂತ. ಆಮೇಲೆ ಭಾವಗೀತೆ ಬಂತು, ಭಜನೆ ಬಂತು, ಸಿನಿಮಾ ಹಾಡೂ ಬಂತು. ಹಾಡಿನ ನಡುವೆ ಚುನಾವಣೆ, ಸೈಟು, ಚೀಟಿ ದುಡ್ಡಿನ ಮಾತೂ ಸೇರಿಕೊಂಡಿತು.

ಕೊನೆಗೆ ಎಲ್ಲರೂ ಕೂತು ತೀರ್ಮಾನ ಮಾಡಬೇಕಾಯಿತು. ಚುನಾವಣೆ, ಸೈಟು ಬೇಡ ಅನ್ನುವುದಕ್ಕೆ ಐದು ನಿಮಿಷ ಸಾಕಾಯಿತು. ಗಂಟು ಬಿದ್ದಿದ್ದು ಸಿನಿಮಾ ಹಾಡಿನ ಹತ್ತಿರ.

ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಅವರು ಹೇಳಿದ್ದು ಇಷ್ಟೇ: "ಸಿನಿಮಾ ಹಾಡು ಮೊಬೈಲ್‌ನಲ್ಲೇ ಸಿಗ್ತದೆ. ನನ್ನ ಹತ್ರ ಇರೋ ಹಾಡು ಎಲ್ಲೂ ಸಿಗಲ್ಲ. ನೀವು ಕಲೀದಿದ್ರೆ ನನ್ನ ಜೊತೇಲೇ ಹೋಗ್ತವೆ."

ಕಾಲೇಜು ಹುಡುಗಿಯೊಬ್ಬಳು, "ತಾತ, ಬರೀ ಅವನ್ನೇ ಹಾಡೋಣ ಅಂದ್ರೆ ಕಲಿಯೋಕೆ ಬರೋರೇ ಇರಲ್ಲ" ಅಂದಳು.

ಇಬ್ಬರ ಮಾತೂ ಸರಿಯೇ. ಕಷ್ಟ ಇದ್ದದ್ದೇ ಅಲ್ಲಿ.

ಇಂಥದೇ ಪ್ರಶ್ನೆ ಹಿಂದೆ ದೇಶಕ್ಕೇ ಎದುರಾಗಿತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತ ಉಳಿಯಬೇಕು ಎಂಬುದು ಅವರ ಹಂಬಲ. ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಬಿತ್ತು. ಕೇಳುಗರು ಏನು ಮಾಡಿದರು? ರೇಡಿಯೋ ಮುಳ್ಳು ತಿರುಗಿಸಿ ಸಿಲೋನ್ ಹಿಡಿದರು. ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಮನೆಮಾತಾಯಿತು. 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿ ಶುರು ಮಾಡಿತು.

ಹಾಗಂತ ಕೇಸ್ಕರ್ ಕಾಲದಲ್ಲಿ ಎಲ್ಲವೂ ವ್ಯರ್ಥವಾಗಲಿಲ್ಲ. 1952ರಲ್ಲೇ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಕಚೇರಿಗೆ ಹೋಗಲಾಗದವರೂ ದೊಡ್ಡ ವಿದ್ವಾಂಸರನ್ನು ಮನೆಯಲ್ಲೇ ಕೂತು ಕೇಳಿದರು. ಬಾಗಿಲು ಹಾಕಿದ್ದು ಫಲ ಕೊಡಲಿಲ್ಲ, ಹೊತ್ತು ಮೀಸಲಿಟ್ಟಿದ್ದು ಫಲ ಕೊಟ್ಟಿತು.

ಇನ್ನೊಂದು ಸಂಗತಿ ನಮ್ಮ ಹಿರಿಯರಿಗೇ ಸಂಬಂಧಿಸಿದ್ದು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಅದರ ಸ್ವರಗಳು ಮನೆ ಕಟ್ಟಿದಂತೆ ನಿಂತಿರುತ್ತವೆ, ಗಮಕ ಹೊರಡುವುದಿಲ್ಲ ಎಂಬುದು ಕಾರಣ. ಸುಮಾರು ಮೂರು ದಶಕ ಆ ನಿಷೇಧ ಇತ್ತು. ಆದರೆ ಹಾರ್ಮೋನಿಯಂ ಇಲ್ಲದೆ ಕಂಪನಿ ನಾಟಕದ ಪರದೆ ಏಳುತ್ತಲೇ ಇರಲಿಲ್ಲ. ಶುದ್ಧ ಯಾವುದು, ಕಲಬೆರಕೆ ಯಾವುದು ಎಂದು ಗೆರೆ ಎಳೆಯುವವರ ಕೈಯಲ್ಲಿ ನಮ್ಮದೇ ವಾದ್ಯ ಹೊರಬಿದ್ದಿತ್ತು.

ರಂಗಗೀತೆಯಾದರೂ ಒಂದೇ ಬಾವಿಯ ನೀರಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದ ಹಾಡುಗಳಲ್ಲಿ ಕರ್ನಾಟಕ ಸಂಗೀತವಿದೆ, ಹಿಂದೂಸ್ತಾನಿ ಇದೆ, ಪಾರ್ಸಿ ನಾಟಕದ, ಮರಾಠಿ ರಂಗದ ಮಟ್ಟುಗಳೂ ಇವೆ. ರಾಜ್‌ಕುಮಾರ್ ಹುಡುಗನಾಗಿ ಪಳಗಿದ್ದು ಅದೇ ಕಂಪನಿಯಲ್ಲಿ. 1954ರ 'ಬೇಡರ ಕಣ್ಣಪ್ಪ' ಸಿನಿಮಾದ ನಿರ್ಮಾಣದಲ್ಲಿ ಗುಬ್ಬಿ ವೀರಣ್ಣನವರ ಪಾಲೂ ಇತ್ತು. ಸಿನಿಮಾ ಹಾಡು ಬೇರೆಯವರ ಮನೆಯ ಮಗುವಲ್ಲ.

ಇಷ್ಟೆಲ್ಲ ಮಾತಾಡಿ ನಾವು ಮಾಡಿದ ನಿಯಮ ಚಿಕ್ಕದು. ಮೊದಲ ಒಂದು ಗಂಟೆ ರಂಗಗೀತೆ ಮಾತ್ರ. ಅದರಲ್ಲಿ ಹಿರಿಯರಿಂದ ಒಂದು ಹೊಸ ಹಾಡು ಕಲಿತು ಧ್ವನಿಮುದ್ರಣ ಮಾಡಿಕೊಳ್ಳಲೇಬೇಕು. ಕೊನೆಯ ಅರ್ಧ ಗಂಟೆ ಯಾರು ಏನು ಬೇಕಾದರೂ ಹಾಡಬಹುದು. ವ್ಯವಹಾರದ ಮಾತು ಹೊರಗಡೆ ಟೀ ಅಂಗಡಿಯಲ್ಲಿ.

ಎಲ್ಲರಿಗೂ ಒಪ್ಪಿಗೆಯಾಗಿದೆ ಅಂತ ಹೇಳಲಾರೆವು. ಒಬ್ಬರು ಬರುವುದು ಬಿಟ್ಟಿದ್ದಾರೆ. ಹಿರಿಯರು ಕೊನೆಯ ಅರ್ಧ ಗಂಟೆ ಹಾರ್ಮೋನಿಯಂ ಮುಟ್ಟುವುದಿಲ್ಲ, ಆದರೆ ಎದ್ದೂ ಹೋಗುವುದಿಲ್ಲ.

ನಿಮ್ಮೂರಿನ ಭಜನೆ ಮಂಡಳಿಯಲ್ಲೂ ಈ ಜಗಳ ಬಂದೇ ಬರುತ್ತದೆ. ಆಗ 'ಏನನ್ನು ಹೊರಗಿಡೋಣ' ಅನ್ನುವುದಕ್ಕಿಂತ ಮೊದಲು 'ನಾವು ಹಾಡದಿದ್ದರೆ ಕಳೆದುಹೋಗುವುದು ಯಾವುದು' ಎಂದು ಕೇಳಿಕೊಳ್ಳಿ. ಅದಕ್ಕೆ ಹೊತ್ತು ಕೊಡಿ. ಉಳಿದದ್ದಕ್ಕೆ ಬಾಗಿಲು ತೆರೆದಿರಲಿ.