ಗೆರೆಯ ಪಕ್ಕದ ಗ್ರಹ

ಕೆಪ್ಲರ್-16ಬಿ ಬಗ್ಗೆ ಓದಿದಷ್ಟೂ ಬೆರಗು. 2011ರಲ್ಲಿ ಪತ್ತೆಯಾದ, ಹೆಚ್ಚುಕಡಿಮೆ ಶನಿಯಷ್ಟು ದೊಡ್ಡ ಗ್ರಹ. ಅದಕ್ಕೆ ಎರಡು ಸೂರ್ಯರು. ಎಲ್ಲರೂ ಅಲ್ಲಿನ ಜೋಡಿ ಸೂರ್ಯಾಸ್ತದ ಮಾತಾಡುತ್ತಾರೆ. ನನಗೆ ಮಾತ್ರ ಆ ಗ್ರಹ ನಿಂತಿರುವ ಜಾಗವೇ ಸೋಜಿಗ.

ನಡುವಿನ ಎರಡು ನಕ್ಷತ್ರಗಳು 41 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಹಾಗಾಗಿ ಗ್ರಹದ ಮೇಲಿನ ಸೆಳೆತ ಒಂದೇ ಸಮ ಇರುವುದಿಲ್ಲ, ಏರಿಳಿಯುತ್ತಲೇ ಇರುತ್ತದೆ. ತೀರಾ ಹತ್ತಿರವಿದ್ದರೆ ಈ ಜಗ್ಗಾಟಕ್ಕೆ ಕಕ್ಷೆ ಕೆಟ್ಟು ಗ್ರಹ ನಕ್ಷತ್ರಕ್ಕೆ ಬಡಿಯಬಹುದು, ಇಲ್ಲವೇ ದೂರಕ್ಕೆ ಚಿಮ್ಮಿಹೋಗಬಹುದು. ಲೆಕ್ಕ ಹಾಕಿದರೆ ಅಲ್ಲಿನ ಅಪಾಯದ ಗೆರೆ, ಭೂಮಿ-ಸೂರ್ಯರ ಅಂತರದ ಸುಮಾರು 0.65ರಷ್ಟು ದೂರದಲ್ಲಿ. ಗ್ರಹ ಇರುವುದು 0.70ರಲ್ಲಿ! 229 ದಿನಕ್ಕೊಂದು ಸುತ್ತು, ಗೆರೆಯ ಪಕ್ಕದಲ್ಲೇ.

ಬಹುಶಃ ಹುಟ್ಟಿದ್ದು ಇನ್ನೂ ಆಚೆ. ನಕ್ಷತ್ರಗಳ ಸುತ್ತ ಆಗಿದ್ದ ಅನಿಲ, ದೂಳಿನ ತಟ್ಟೆಯೊಳಗೆ ಜಾರುತ್ತ ಬಂದು ಇಲ್ಲಿ ನೆಲೆ ನಿಂತಿರಬೇಕು. ಕೆಪ್ಲರ್ ದೂರದರ್ಶಕ ಕಂಡ ಇಂಥ ಜೋಡಿ ಸೂರ್ಯರ ಇನ್ನೂ ಹಲವು ಗ್ರಹಗಳು ಇರುವುದೂ ತಮ್ಮ ತಮ್ಮ ಗೆರೆಯ ಹತ್ತಿರವೇ.